ಕ್ಯಾನ್ಸರ್ ರಿಸರ್ಚು, ಅದಕ್ಕೆ ಹೂಂ ಅಂದ ಜನ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಟ್ರೀಟ್ಮೆಂಟಿಗೆ ಅಂತ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ ಇರೋ ಮುಂಬೈ ಪರೇಲ್‌ಗೆ ಬರೋ ನಮ್ಮ ಜನರ ಜೊತೆ ಓಡಾಡೋ ವಾಲಂಟಿಯರ್ ನಾನು. ಡಾಕ್ಟರ್ ಅಲ್ಲ. ಫಾರ್ಮ್ ಓದಿ ಹೇಳೋದು, ಯಾವ ಕೌಂಟರ್‌ಗೆ ಹೋಗ್ಬೇಕು ಅಂತ ತೋರಿಸೋದು, ಡಾಕ್ಟರ್ ಹಿಂದಿಲಿ ಹೇಳಿದ್ದನ್ನ ಕನ್ನಡದಲ್ಲಿ ಬಿಡಿಸಿ ಹೇಳೋದು, ಇಷ್ಟೇ ನನ್ನ ಕೆಲಸ. ಟಾಟಾ ಬರೀ ಆಸ್ಪತ್ರೆ ಅಲ್ಲ, ಯುನಿವರ್ಸಿಟಿ ಕೂಡ, ಅಲ್ಲಿ ರಿಸರ್ಚೂ ನಡೆಯುತ್ತೆ ಅಂತ ಹೇಳ್ತಿರ್ತೀನಿ. ಆದ್ರೆ "ರಿಸರ್ಚ್", "ಟ್ರಯಲ್" ಅನ್ನೋ ಮಾತು ಬಂದ ತಕ್ಷಣ ಮನೆಮಂದಿಯೆಲ್ಲ ಗಾಬರಿ ಆಗಿ ಒಂದೇ ಥರದ ಪ್ರಶ್ನೆ ಕೇಳ್ತಾರೆ, ಅದಕ್ಕೇ ಎಲ್ಲಾ ಒಂದು ಕಡೆ ಬರೆದಿಟ್ಟಿದ್ದೀನಿ. ನಿಮ್ಮ ರಿಪೋರ್ಟ್ ನೋಡಿ ಹೀಗೆ ಮಾಡಿ ಅಂತ ಹೇಳೋಕೆ ನನ್ನಿಂದ ಆಗಲ್ಲ, ಅದು ನಿಮ್ಮ ಡಾಕ್ಟರ್ ಕೆಲಸ.

ಟಾಟಾ ಅಂದ್ರೆ ಆಸ್ಪತ್ರೆ ತಾನೇ, ಅದನ್ನ ಯುನಿವರ್ಸಿಟಿ ಅಂತ ಯಾಕೆ ಹೇಳ್ತೀರಿ?

ಎರಡೂ ಹೌದು. ಟಾಟಾ ಮೆಮೋರಿಯಲ್ ಆಸ್ಪತ್ರೆ ಶುರುವಾಗಿದ್ದು 1941ರ ಫೆಬ್ರವರಿ 28ಕ್ಕೆ. ದೊರಾಬ್ಜಿ ಟಾಟಾ ಅವರ ಹೆಂಡತಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ್ರು, ಆ ನೋವಲ್ಲೇ ಹುಟ್ಟಿದ ಆಲೋಚನೆ ಅದು, ಟ್ರಸ್ಟ್ ದುಡ್ಡಲ್ಲೇ ಕಟ್ಟಿದ್ದು. 1957ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ತಗೊಳ್ತು, 1962ರಲ್ಲಿ ಅಣುಶಕ್ತಿ ಇಲಾಖೆಗೆ ಹೋಯ್ತು. ಈಗ ಅದು ಹೋಮಿ ಭಾಭಾ ನ್ಯಾಷನಲ್ ಇನ್ಸ್ಟಿಟ್ಯೂಟ್ ಅನ್ನೋ ಡೀಮ್ಡ್ ಯುನಿವರ್ಸಿಟಿಯ ಭಾಗ, ಅಲ್ಲಿ ಎಂಡಿ ಮಾಡೋರೂ ಇದ್ದಾರೆ, ಪಿಎಚ್‌ಡಿ ಮಾಡೋರೂ ಇದ್ದಾರೆ. ನವಿ ಮುಂಬೈ ಖಾರ್‌ಘರ್‌ನಲ್ಲಿರೋ ಆಕ್ಟ್ರೆಕ್ ಅವರದೇ ದೊಡ್ಡ ರಿಸರ್ಚ್ ಸೆಂಟರ್. ಹಾಗಾಗಿ ನಿಮ್ಮನ್ನ ನೋಡೋ ಡಾಕ್ಟರೇ ಎಷ್ಟೋ ಸಲ ಸಂಶೋಧಕರೂ ಆಗಿರ್ತಾರೆ, ಓಪಿಡಿಲಿ ಮಾತ್ರೆ ಬರೆದುಕೊಟ್ಟ ಮೇಲೆ "ಒಂದು ಸ್ಟಡಿ ನಡೀತಿದೆ, ಸೇರ್ತೀರಾ" ಅಂತ ಕೇಳೋದು ಅದಕ್ಕೇ.

ರಿಸರ್ಚ್ ಅಂದ್ರೆ ಲ್ಯಾಬಲ್ಲಿ ಇಲಿ ಮೇಲೆ ಮಾಡೋದಲ್ವಾ? ಅದ್ರಲ್ಲಿ ಜನ ಮಾಡೋದೇನು?

ಲ್ಯಾಬ್ ಇರೋದು ಒಂದು ಪಾಲು ಅಷ್ಟೇ. ಉಳಿದದ್ದಕ್ಕೆ ಜನ ಬೇಕೇ ಬೇಕು, ಜನ ಹೂಂ ಅನ್ನದೇ ಇದ್ರೆ ಅದು ಪೇಪರ್ ಮೇಲಿನ ಪ್ಲಾನ್ ಆಗೇ ಉಳಿಯುತ್ತೆ.

ನನಗೆ ತುಂಬಾ ಹತ್ತಿರ ಅನ್ಸೋ ಉದಾಹರಣೆ ಒಂದಿದೆ. 1998ರಲ್ಲಿ ಟಾಟಾದವರು ಮುಂಬೈನ ಸ್ಲಮ್‌ಗಳಲ್ಲಿ ಒಂದು ದೊಡ್ಡ ಸ್ಟಡಿ ಶುರು ಮಾಡಿದ್ರು, ಡಾಕ್ಟರ್ ಸುರೇಂದ್ರ ಶಾಸ್ತ್ರಿ ಅದರ ಮುಂದಾಳು. ಪ್ರಶ್ನೆ ಸರಳ: ಗರ್ಭಕಂಠದ ಕ್ಯಾನ್ಸರ್ ಬೇಗ ಹಿಡಿಯೋಕೆ ಪ್ಯಾಪ್ ಟೆಸ್ಟ್ ಇದೆ ನಿಜ, ಆದ್ರೆ ಅದಕ್ಕೆ ಲ್ಯಾಬ್ ಬೇಕು, ಅದನ್ನ ಓದೋಕೆ ಎಕ್ಸ್‌ಪರ್ಟ್ ಬೇಕು, ನಮ್ಮ ದೇಶದಲ್ಲಿ ಅಷ್ಟು ಜನರನ್ನ ಎಲ್ಲಿಂದ ತರೋದು? ಅದರ ಬದಲು ವಿನೆಗರ್ ಸಾಕಾಗುತ್ತಾ? ಹೌದು, ಅಡುಗೆಮನೆ ವಿನೆಗರ್‌ನಲ್ಲಿ ಇರುತ್ತಲ್ಲ ಅದೇ ಅಸಿಟಿಕ್ ಆಸಿಡ್, ನೀರಲ್ಲಿ ಬೆರೆಸಿ ಹತ್ತಿಯಲ್ಲಿ ಗರ್ಭಕಂಠಕ್ಕೆ ಹಚ್ಚಿ, ಒಂದು ನಿಮಿಷ ಕಾದು, ಜೋರು ಬೆಳಕಲ್ಲಿ ನೋಡ್ತಾರೆ. ಕೆಟ್ಟ ಜಾಗ ಇದ್ರೆ ಬೆಳ್ಳಗೆ ಕಾಣುತ್ತೆ. ಇದನ್ನ ಮಾಡಿದ್ದು ಡಾಕ್ಟರ್‌ಗಳಲ್ಲ. ಹತ್ತನೇ ಕ್ಲಾಸಾದ್ರೂ ಓದಿರೋ, ಅದಕ್ಕೂ ಮುಂಚೆ ಆಸ್ಪತ್ರೆ ಕೆಲಸ ಮಾಡಿರದ ಅಲ್ಲಿನ ಹೆಂಗಸರಿಗೇ ಟ್ರೈನಿಂಗ್ ಕೊಟ್ಟು ಮಾಡಿಸಿದ್ರು. ಸ್ವಲ್ಪ ಯೋಚನೆ ಮಾಡಿ, ನೀರಿನ ನಲ್ಲಿ ಹತ್ರ ಸಿಗೋ ಹೆಂಗಸು ಮನೆಗೆ ಬಂದು "ಅಕ್ಕಾ, ಇಂಥದ್ದೊಂದು ಚೆಕಪ್ ಇದೆ, ಬನ್ನಿ" ಅಂದ್ರೆ ಯಾರು ತಾನೇ ತಕ್ಷಣ ಹೋಗ್ತಾರೆ, ಗಂಡನ್ನ ಕೇಳ್ಬೇಕು, ಅತ್ತೆ ಏನಂತಾರೋ, ಮೈಯಲ್ಲಿ ಏನೂ ತೊಂದ್ರೆ ಇಲ್ದೇ ಇರುವಾಗ ಅಂಥ ಜಾಗ ಯಾಕೆ ತೋರಿಸ್ಬೇಕು ಅನ್ನೋ ನಾಚಿಕೆ ಬೇರೆ. ಆದ್ರೂ ಹೋದ್ರು. ಎರಡು ವರ್ಷಕ್ಕೊಮ್ಮೆ, ನಾಲ್ಕು ಸುತ್ತು. ಈ ಚೆಕಪ್ ಆದ ಗುಂಪು, ಹೋಲಿಸೋಕೆ ಅಂತ ಇಟ್ಟ ಚೆಕಪ್ ಆಗದ ಗುಂಪು, ಎರಡೂ ಸೇರಿ ಸುಮಾರು ಒಂದೂವರೆ ಲಕ್ಷ ಹೆಂಗಸರು ಆ ಸ್ಟಡಿಯಲ್ಲಿದ್ರು. ಹನ್ನೆರಡು ವರ್ಷದ ಲೆಕ್ಕ ಹಾಕಿದಾಗ ಸ್ಕ್ರೀನಿಂಗ್, ಅಂದ್ರೆ ತೊಂದ್ರೆ ಕಾಣಿಸೋ ಮೊದಲೇ ಮಾಡೋ ಈ ಚೆಕಪ್, ಆದ ಗುಂಪಲ್ಲಿ ಗರ್ಭಕಂಠದ ಕ್ಯಾನ್ಸರ್‌ನಿಂದ ಸಾಯೋದು 31% ಕಡಿಮೆ ಆಗಿತ್ತು. 2013ರಲ್ಲಿ ಅಮೆರಿಕದ ದೊಡ್ಡ ಕ್ಯಾನ್ಸರ್ ಸಮ್ಮೇಳನ ಆಸ್ಕೋದಲ್ಲಿ, ಮುಖ್ಯ ವೇದಿಕೆಯಲ್ಲೇ ಇದನ್ನ ಹೇಳಿದ್ರು.

ಆ ವೇದಿಕೆಗೆ ಹತ್ತಿದ್ದು ಒಬ್ಬರು ಡಾಕ್ಟರ್. ಅದರ ಹಿಂದೆ ಇದ್ದದ್ದು ಆ ಮನೆಮನೆಯ ಹೆಂಗಸರು. ಅವರ ಹೆಸರು ಯಾವ ಪೇಪರಲ್ಲೂ ಬರಲ್ಲ, ಬರಬಾರದು ಕೂಡ, ಅದು ಅವರ ಪ್ರೈವಸಿ. ಆದ್ರೆ ಅವರಿಲ್ದೇ ಆ 31% ಅನ್ನೋ ನಂಬರ್ ಇಲ್ಲ.

ಆ ಸ್ಟಡಿ ಬಗ್ಗೆ ವಿವಾದ ಆಗಿತ್ತು ಅಂತ ಓದಿದ್ದೆ, ನಿಜಾನಾ?

ನಿಜ, ಮುಚ್ಚಿಡೋಂಥದ್ದು ಏನಿಲ್ಲ. ಇಂಥ ಸ್ಟಡಿಯಲ್ಲಿ ಎರಡು ಗುಂಪು ಇರುತ್ತೆ, ಒಂದಕ್ಕೆ ಸ್ಕ್ರೀನಿಂಗ್, ಇನ್ನೊಂದಕ್ಕೆ ಇಲ್ಲ, ಎರಡನ್ನೂ ಹೋಲಿಸಿ ನೋಡ್ತಾರೆ. ಮುಂಬೈ ಸ್ಟಡಿ ಮತ್ತೆ ಅದೇ ಥರದ ಇನ್ನೆರಡು ಭಾರತೀಯ ಸ್ಟಡಿ ಸೇರಿಸಿದ್ರೆ ಸ್ಕ್ರೀನಿಂಗ್ ಸಿಗದ ಗುಂಪುಗಳಲ್ಲಿ ಸುಮಾರು 1,38,000 ಹೆಂಗಸರಿದ್ರು, ಅವರಲ್ಲಿ ಕನಿಷ್ಠ 254 ಜನ ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಕೊಂಡ್ರು. ಸ್ಕ್ರೀನಿಂಗ್‌ನಿಂದ ಜೀವ ಉಳಿಯುತ್ತೆ ಅಂತ ಜಗತ್ತಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಅಷ್ಟು ಜನರನ್ನ ಸ್ಕ್ರೀನಿಂಗ್ ಇಲ್ಲದೆ ಯಾಕೆ ಬಿಟ್ಟಿರಿ ಅಂತ ಅಮೆರಿಕದ ಒಬ್ಬ ಡಾಕ್ಟರ್ ಪ್ರಶ್ನೆ ಎತ್ತಿದ್ರು. ಸ್ಟಡಿ ಮಾಡಿದವರ ಉತ್ತರ ಏನಂದ್ರೆ, ಆವಾಗ ನಮ್ಮ ದೇಶದಲ್ಲಿ ಯಾರಿಗೂ ಸರ್ಕಾರದಿಂದ ಸ್ಕ್ರೀನಿಂಗ್ ಇರಲಿಲ್ಲ, ಇನ್ನೊಂದು ಗುಂಪಿಗೆ ಕ್ಯಾನ್ಸರ್ ಲಕ್ಷಣಗಳ ಬಗ್ಗೆ ತಿಳುವಳಿಕೆ ಕೊಟ್ಟಿದ್ದೆವು, ನಮ್ಮ ಬಡ ಊರುಗಳಲ್ಲಿ ಯಾವುದು ನಡೆಯುತ್ತೆ ಅಂತ ಪುರಾವೆ ಇಲ್ದೇ ಸರ್ಕಾರ ಒಂದು ಹೆಜ್ಜೆನೂ ಇಡಲ್ಲ ಅಂತ.

ನನ್ನ ಅಭಿಪ್ರಾಯ ಕೇಳಿದ್ರೆ, ಎರಡೂ ಕಡೆ ಸತ್ಯ ಇದೆ, ಆದ್ರೆ ಆ 254 ಜನರನ್ನ ಮರೆತು ಬರೀ 31% ಹೇಳೋದು ಸರಿಯಲ್ಲ. ಅವರೂ ಈ ಸಂಶೋಧನೆಗೆ ಕೊಟ್ಟವರೇ, ಎಲ್ಲರಿಗಿಂತ ಹೆಚ್ಚು ಕೊಟ್ಟವರು. ಇವತ್ತು ಯಾರಾದ್ರೂ ನಿಮ್ಮನ್ನ ಸ್ಟಡಿಗೆ ಸೇರಿ ಅಂದಾಗ "ನಾನು ಇನ್ನೊಂದು ಗುಂಪಿಗೆ ಬಿದ್ರೆ ನನಗೆ ಏನು ಸಿಗುತ್ತೆ, ಏನು ಸಿಗಲ್ಲ" ಅಂತ ಮೊದಲು ಕೇಳಿ ಅಂತ ನಾನು ಹೇಳೋದು ಇದಕ್ಕೇ.

ಬಾರ್ಶಿ ಬಾರ್ಶಿ ಅಂತಾರಲ್ಲ, ಅಲ್ಲೇನಿದೆ?

ಸೋಲಾಪುರ ಜಿಲ್ಲೆಯ ಊರು, ನಮ್ಮ ಇಂಡಿ, ಆಳಂದ, ಅಫಜಲಪುರದ ಜನಕ್ಕೆ ಏನೂ ದೂರ ಅಲ್ಲ. ಅಲ್ಲಿರೋ ನರ್ಗಿಸ್ ದತ್ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ ಟಾಟಾ ಜೊತೆ ಸೇರಿ ಎಷ್ಟೋ ವರ್ಷದಿಂದ ಕೆಲಸ ಮಾಡ್ತಿದೆ. ಭಾರತದ ಮೊದಲ ಹಳ್ಳಿಗಾಡಿನ ಕ್ಯಾನ್ಸರ್ ರಿಜಿಸ್ಟ್ರಿ ಶುರುವಾಗಿದ್ದೇ ಅಲ್ಲಿ, 1987ರಲ್ಲಿ, ಬಾರ್ಶಿ, ಪರಾಂಡ, ಭೂಮ್ ತಾಲೂಕುಗಳ 346 ಹಳ್ಳಿ ಸೇರಿ. ರಿಜಿಸ್ಟ್ರಿ ಅಂದ್ರೆ ಯಾವ ಊರಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂತು ಅಂತ ಲೆಕ್ಕ ಇಡೋದು. ಪೇಟೆಯಲ್ಲಾದ್ರೆ ಆಸ್ಪತ್ರೆ ದಾಖಲೆ ಸಿಗುತ್ತೆ, ಹಳ್ಳೀಲಿ ಆಸ್ಪತ್ರೆಗೇ ಹೋಗದೆ ಸಾಯೋರ ಲೆಕ್ಕ ಯಾರ ಹತ್ರ ಇರುತ್ತೆ? ಅದಕ್ಕೇ ಅಲ್ಲಿನ ಸಿಬ್ಬಂದಿ ಹಳ್ಳಿಹಳ್ಳಿಗೆ ಹೋಗಿ, ಊರವರನ್ನ ಕೂರಿಸಿ, ಬಹಳ ದಿನದಿಂದ ಗಂಟು ಇದೆಯಾ, ರಕ್ತ ಹೋಗ್ತಿದೆಯಾ, ನುಂಗೋಕೆ ಕಷ್ಟ ಆಗ್ತಿದೆಯಾ ಅಂತ ಮಾತಾಡ್ತಾ, ಅನುಮಾನ ಇದ್ದವರನ್ನ ಆಸ್ಪತ್ರೆಗೆ ಕರ್ಕೊಂಡು ಬರ್ತಾ ಈ ಲೆಕ್ಕ ಕಟ್ಟಿದ್ರು.

ಆ ನಂಬಿಕೆ ಬೆಳೆದ ಮೇಲೇನೇ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗ ಧಾರಾಶಿವ ಅಂತಾರೆ, ಇನ್ನೊಂದು ದೊಡ್ಡ ಸ್ಟಡಿ ಆಯ್ತು. 30ರಿಂದ 59 ವಯಸ್ಸಿನ 1,31,746 ಹೆಂಗಸರು, ಹೊಲದ ಕೆಲಸ ಬಿಟ್ಟು ಬಂದವರು. ಎಚ್‌ಪಿವಿ ಅಂದ್ರೆ ಗರ್ಭಕಂಠದ ಕ್ಯಾನ್ಸರ್ ತರೋ ವೈರಸ್, ಒಂದೇ ಒಂದು ಸಲ ಎಚ್‌ಪಿವಿ ಟೆಸ್ಟ್ ಮಾಡಿದ್ರೂ ಸಾವು ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತೆ ಅಂತ ಗೊತ್ತಾಗಿದ್ದು ಅವರಿಂದ. 2009ರಲ್ಲಿ ಇದರ ರಿಸರ್ಚ್ ಪೇಪರ್ ಬಂತು. ಈವತ್ತು ಜಗತ್ತಿನಲ್ಲಿ ಎಲ್ಲಿ ಎಚ್‌ಪಿವಿ ಟೆಸ್ಟ್ ಬಗ್ಗೆ ಮಾತು ಬಂದ್ರೂ ಇದರ ಪ್ರಸ್ತಾಪ ಇರುತ್ತೆ. ಮರಾಠವಾಡದ ಜೋಳದ ಹೊಲದಿಂದ ಬಂದ ಜ್ಞಾನ ಅದು, ಇದನ್ನ ಹೇಳುವಾಗೆಲ್ಲ ನನಗೆ ಹೆಮ್ಮೆ ಅನ್ಸುತ್ತೆ.

ಎಚ್‌ಪಿವಿ ಲಸಿಕೆ ಈಗ ಒಂದೇ ಡೋಸ್ ಸಾಕು ಅಂತಾರೆ, ಮೊದಲು ಮೂರು ಅಂತಿದ್ರು. ಯಾಕೆ ಹೀಗೆ ಬದಲಾಯಿಸ್ತಾರೆ?

ಇದರ ಹಿಂದೆಯೂ ನಮ್ಮ ದೇಶದ ಹುಡುಗಿಯರೇ ಇದ್ದಾರೆ. 2009ರಲ್ಲಿ ಭಾರತದ ಬೇರೆ ಬೇರೆ ಊರುಗಳಲ್ಲಿ 10ರಿಂದ 18 ವಯಸ್ಸಿನ ಹುಡುಗಿಯರಿಗೆ ಎರಡು ಡೋಸ್ ಸಾಕಾ, ಮೂರು ಬೇಕಾ ಅಂತ ಒಂದು ಸ್ಟಡಿ ಶುರುವಾಯ್ತು, ಬಾರ್ಶಿನೂ ಅದರಲ್ಲಿತ್ತು. ಆದ್ರೆ ಅದೇ ಹೊತ್ತಿಗೆ ಆಂಧ್ರ ಮತ್ತೆ ಗುಜರಾತ್‌ನಲ್ಲಿ ಬೇರೆಯವರು ನಡೆಸ್ತಿದ್ದ ಒಂದು ಲಸಿಕೆ ಯೋಜನೆ ಬಗ್ಗೆ ದೊಡ್ಡ ಗಲಾಟೆ ಆಗಿ, ಪೋಷಕರ ಒಪ್ಪಿಗೆ ಸರಿಯಾಗಿ ತಗೊಂಡಿಲ್ಲ ಅನ್ನೋ ಆರೋಪ ಬಂದು, 2010ರ ಏಪ್ರಿಲ್‌ನಲ್ಲಿ ಸರ್ಕಾರ ಈ ಥರದ್ದೆಲ್ಲ ನಿಲ್ಲಿಸಿಬಿಡ್ತು. ಹಾಗಾಗಿ ಈ ಸ್ಟಡಿಯ ಎಷ್ಟೋ ಹುಡುಗಿಯರಿಗೆ ಉಳಿದ ಡೋಸ್ ಸಿಗಲೇ ಇಲ್ಲ. 4,949 ಜನಕ್ಕೆ ಒಂದೇ ಡೋಸ್.

ಬೇರೆಯವರಾಗಿದ್ರೆ ಸ್ಟಡಿ ಹಾಳಾಯ್ತು ಅಂತ ಫೈಲ್ ಮುಚ್ಚಿಬಿಡ್ತಿದ್ರು. ಇವರು ಬಿಡಲಿಲ್ಲ, ಆ ಹುಡುಗಿಯರ ಸಂಪರ್ಕ ಇಟ್ಟುಕೊಂಡ್ರು, ಹುಡುಗಿಯರೂ ಬಿಡಲಿಲ್ಲ, ಓದು ಮುಗಿಸಿ, ಮದುವೆ ಆಗಿ ಬೇರೆ ಊರಿಗೆ ಹೋದ ಮೇಲೂ ಸ್ಯಾಂಪಲ್ ಕೊಟ್ರು. ಹತ್ತು ವರ್ಷ ನೋಡಿದ ಮೇಲೆ 2021ರಲ್ಲಿ ರಿಸಲ್ಟ್ ಬಂತು, ಗರ್ಭಕಂಠದ ಕ್ಯಾನ್ಸರ್‌ಗೆ ಮುಖ್ಯ ಕಾರಣವಾದ 16 ಮತ್ತು 18ನೇ ನಂಬರಿನ ಎಚ್‌ಪಿವಿ ಮೈಯಲ್ಲಿ ಉಳಿದುಕೊಳ್ಳೋದನ್ನ ಒಂದೇ ಡೋಸ್ 95.4% ತಡೆಯುತ್ತೆ, ಎರಡು ಮೂರು ಡೋಸ್ ತಗೊಂಡವರಿಗೂ ಇವರಿಗೂ ಅಂಥ ವ್ಯತ್ಯಾಸ ಇಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಚಿಕ್ಕ ವಯಸ್ಸಿನ ಹುಡುಗಿಯರಿಗೆ ಒಂದು ಡೋಸ್ ಕೊಟ್ರೂ ಆಗುತ್ತೆ ಅಂದಿದ್ದಕ್ಕೆ ಬೇರೆ ದೇಶಗಳ ಸ್ಟಡಿ ಜೊತೆ ಇದೂ ಒಂದು ಆಧಾರ. ಒಂದೇ ಡೋಸ್ ಅಂದ್ರೆ ಅದೇ ಲಸಿಕೆ ಎಷ್ಟು ಹೆಚ್ಚು ಮಕ್ಕಳಿಗೆ ಮುಟ್ಟುತ್ತೆ ಅಂತ ನೀವೇ ಲೆಕ್ಕ ಹಾಕಿ.

ನಮ್ಮಮ್ಮನ್ನ ಟ್ರಯಲ್‌ಗೆ ಸೇರಿಸ್ತೀವಿ ಅಂತಿದ್ದಾರೆ. ಪ್ರಯೋಗದ ಇಲಿ ಥರ ನೋಡ್ತಾರಾ? ಬರೀ ಸಕ್ಕರೆ ಮಾತ್ರೆ ಕೊಟ್ಟು ಸುಮ್ನಾಗ್ತಾರಾ?

ಎಲ್ಲರಿಗೂ ಬರೋ ಭಯ ಇದು, ಬರಬೇಕಾದ್ದೇ. ಕ್ಯಾನ್ಸರ್ ಟ್ರೀಟ್ಮೆಂಟ್ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಒಂದು ಗುಂಪಿಗೆ ಈಗ ಎಲ್ಲರಿಗೂ ಕೊಡೋ ಟ್ರೀಟ್ಮೆಂಟ್, ಇನ್ನೊಂದಕ್ಕೆ ಅದರ ಜೊತೆ ಹೊಸದೇನಾದ್ರೂ, ಅಥವಾ ಅದರ ಬದಲು ಹೊಸದು. ಒಳ್ಳೇ ಟ್ರೀಟ್ಮೆಂಟ್ ಇರುವಾಗ ಅದನ್ನ ತಪ್ಪಿಸಿ ಬರೀ ಸಕ್ಕರೆ ಮಾತ್ರೆ ಕೊಡೋಕೆ ಎಥಿಕ್ಸ್ ಕಮಿಟಿ, ಅಂದ್ರೆ ಟ್ರಯಲ್‌ಗೆ ಸೇರೋರ ಹಿತ ನೋಡೋ ಕಮಿಟಿ, ಒಪ್ಪಲ್ಲ. ಯಾವ ಗುಂಪಿಗೆ ಅಂತ ಡಾಕ್ಟರ್ ಆರಿಸಲ್ಲ, ನೀವೂ ಆರಿಸೋ ಹಾಗಿಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹೇಳುತ್ತೆ. ಹೊಸದು ಅಂದ ಮಾತ್ರಕ್ಕೆ ಒಳ್ಳೇದು ಅಂತ ಅಲ್ಲ, ಅದು ಗೊತ್ತಿದ್ರೆ ಟ್ರಯಲ್ ಯಾಕೆ ಮಾಡ್ತಿದ್ರು.

ಫಾರ್ಮ್‌ಗೆ ಸೈನ್ ಹಾಕೋ ಮುಂಚೆ ಏನೇನು ಕೇಳ್ಬೇಕು?

ಒಂದು ಸಲ ಇಂಡಿ ತಾಲೂಕಿನ ಅಜ್ಜಿಯೊಬ್ಬರು, ಬಾಯಿ ಕ್ಯಾನ್ಸರ್, ಮಗನ ಜೊತೆ ಬಂದಿದ್ರು. ಮಗ ಪೆನ್ನು ತಗೊಂಡು ಎಲ್ಲಿ ಸೈನ್ ಹಾಕ್ಬೇಕು ಅಂತ ಹುಡುಕ್ತಿದ್ದ. ಅಜ್ಜಿ ಅವನ ಕೈ ಹಿಡಿದು ನನ್ನ ಕಡೆ ತಿರುಗಿ, "ಯಪ್ಪಾ, ಮದ್ಲ ಅದ್ರಾಗ ಏನ್ ಬರದೈತಿ ಹೇಳು, ಹೆಬ್ಬಟ್ಟು ನಂದು ಐತಿ, ಅವಂದಲ್ಲ" ಅಂದ್ರು. ಪುಟಗಟ್ಟಲೆ ಇತ್ತು, ಕೂತು ಪೂರ್ತಿ ಓದಿದ್ವಿ. ಮಧ್ಯೆ ಮಧ್ಯೆ ನಿಲ್ಲಿಸಿ ಕೇಳಿದ್ರು, ಎಷ್ಟು ಸಲ ಮುಂಬೈಗೆ ಬರ್ಬೇಕು, ರಕ್ತ ಎಷ್ಟು ತಗೋತಾರ, ಬ್ಯಾಡ ಅಂದ್ರ ಈ ಡಾಕ್ಟರ್ ನನ್ನ ಮ್ಯಾಲ ಸಿಟ್ಟಾಗ್ತಾನೇನು. ಇದಕ್ಕಿಂತ ಒಳ್ಳೇ ಪ್ರಶ್ನೆಗಳನ್ನ ನಾನು ಕೇಳಿಲ್ಲ. ಇವನ್ನೇ ನೀವೂ ಕೇಳಿ. ಜೊತೆಗೆ ಟ್ರಯಲ್‌ನಿಂದಾಗಿ ಏನಾದ್ರೂ ತೊಂದ್ರೆ ಆದ್ರೆ ಖರ್ಚು ಯಾರದು, ರಾತ್ರಿ ಹೊತ್ತು ಫೋನ್ ಮಾಡೋಕೆ ಯಾರ ನಂಬರ್, ಅದನ್ನೂ ಕೇಳಿ ಬರೆಸಿಕೊಳ್ಳಿ.

ಕಾನೂನು ನಿಮ್ಮ ಕಡೆ ಇದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ನಿಮಗೆ ಅರ್ಥ ಆಗೋ ಭಾಷೇಲಿ ಹೇಳಲೇಬೇಕು. ಓದೋಕೆ ಬರ್ದೇ ಇದ್ರೆ ಟ್ರಯಲ್‌ಗೆ ಸಂಬಂಧ ಇಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಜೊತೆಗಿದ್ದು ಸೈನ್ ಹಾಕ್ಬೇಕು. ಫಾರ್ಮ್‌ನ ಒಂದು ಕಾಪಿ ನಿಮಗೆ ಕೊಡ್ಬೇಕು. ಮನೆಗೆ ತಗೊಂಡು ಹೋಗಿ ಯೋಚನೆ ಮಾಡಿ ಹೇಳ್ತೀನಿ ಅಂದ್ರೂ ತಪ್ಪಿಲ್ಲ. ಕನ್ನಡದ ಫಾರ್ಮ್ ಇದೆಯಾ ಅಂತ ಸಂಕೋಚ ಇಲ್ದೇ ಕೇಳಿ, ನಾವು ಕೇಳಿದ್ರೇನೇ ಅವರೂ ಮಾಡಿಸ್ತಾರೆ.

ಮಧ್ಯದಲ್ಲಿ ಬೇಡ ಅನ್ಸಿದ್ರೆ?

ಬಿಡಬಹುದು, ಯಾವಾಗ ಬೇಕಾದ್ರೂ. ಕಾರಣ ಹೇಳ್ಬೇಕಿಲ್ಲ, ನಿಮ್ಮ ಮಾಮೂಲಿ ಟ್ರೀಟ್ಮೆಂಟ್ ನಿಲ್ಲಿಸೋ ಹಾಗಿಲ್ಲ. ಆದ್ರೆ ಹೇಳದೇ ಕೇಳದೇ ಊರಿಗೆ ಹೋಗಿಬಿಡಬೇಡಿ, ಕೆಲವು ಔಷಧ ತಟ್ಟಂತ ನಿಲ್ಲಿಸಿದ್ರೆ ನಿಮಗೇ ತೊಂದ್ರೆ.

ಎಥಿಕ್ಸ್ ಕಮಿಟಿ ಅಂದ್ರೆ ಆಸ್ಪತ್ರೆಯವರೇ ತಾನೇ?

ಪೂರ್ತಿ ಅಲ್ಲ. ಕನಿಷ್ಠ ಏಳು ಜನ ಇರ್ಬೇಕು, ಅರ್ಧದಷ್ಟು ಜನ ಆ ಸಂಸ್ಥೆಗೆ ಸಂಬಂಧ ಇಲ್ಲದವರಾಗಿರ್ಬೇಕು. ಕಾನೂನು ಗೊತ್ತಿರೋರು ಒಬ್ಬರು, ಮಹಿಳೆ ಒಬ್ಬರಾದ್ರೂ, ಮತ್ತೆ ಸಾಮಾನ್ಯ ವ್ಯಕ್ತಿ ಒಬ್ಬರು, ಅಂದ್ರೆ ಡಾಕ್ಟರೂ ಅಲ್ಲ, ವಿಜ್ಞಾನಿಯೂ ಅಲ್ಲ, ನಮ್ಮ ನಿಮ್ಮಂಥವರು. ಟೀಚರ್ ಆಗಿ ರಿಟೈರ್ ಆದವರು, ಸಮಾಜಸೇವೆ ಮಾಡೋರು ಅಲ್ಲಿ ಕೂತು "ಈ ಫಾರ್ಮ್ ನಮಗೇ ಅರ್ಥ ಆಗ್ತಿಲ್ಲ, ಹಳ್ಳಿಯವರಿಗೆ ಹೇಗೆ ಆಗುತ್ತೆ" ಅಂತ ಕೇಳಬಹುದು. ಬಿಡುವಿರೋ, ಓದಿಕೊಂಡಿರೋ ನಮ್ಮ ಹಿರಿಯರು ಇಂಥ ಕಮಿಟಿಗಳಿಗೆ ಹೋಗ್ಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಇಷ್ಟೆಲ್ಲ ಮಾಡಿ ನಿಜವಾಗ್ಲೂ ಏನಾದ್ರೂ ಉಪಯೋಗ ಆಗಿದೆಯಾ?

ಬೇಕಾದಷ್ಟು ಆಗಿದೆ. ನಮ್ಮ ಕಡೆ ಗುಟ್ಕಾ, ತಂಬಾಕು ಜಾಸ್ತಿ, ಬಾಯಿ ಕ್ಯಾನ್ಸರೂ ಜಾಸ್ತಿ, ಹಾಗಾಗಿ ಅದನ್ನೇ ಮೊದಲು ಹೇಳ್ತೀನಿ. ಬಾಯಿ ಕ್ಯಾನ್ಸರ್ ಶುರುವಲ್ಲೇ ಸಿಕ್ಕಾಗ ಬಾಯಿಯ ಗಡ್ಡೆ ಜೊತೆ ಕುತ್ತಿಗೆಯ ಗ್ರಂಥಿಗಳನ್ನೂ ಅವತ್ತೇ ತೆಗೀಬೇಕಾ, ಅಥವಾ ಮುಂದೆ ಅಲ್ಲಿಗೆ ಹರಡಿದ್ರೆ ಮಾತ್ರ ತೆಗೆದ್ರೆ ಸಾಕಾ ಅಂತ ಜಗತ್ತಿನ ಸರ್ಜನ್‌ಗಳು ದಶಕಗಟ್ಟಲೆ ಜಗಳ ಆಡಿದ್ರು. ಟಾಟಾದ ಡಾಕ್ಟರ್ ಅನಿಲ್ ಡಿಕ್ರೂಜ್ ಮತ್ತವರ ತಂಡ ಟ್ರಯಲ್ ಮಾಡಿ 500 ಜನ ರೋಗಿಗಳ ಲೆಕ್ಕ 2015ರಲ್ಲಿ ಕೊಟ್ಟಿತು: ಅವತ್ತೇ ತೆಗೆದವರಲ್ಲಿ ಮೂರು ವರ್ಷ ಆದ ಮೇಲೆ 80% ಬದುಕಿದ್ರು, ಕಾದು ನೋಡಿದವರಲ್ಲಿ 67.5%. ಜಗಳ ಬಹುಪಾಲು ಅಲ್ಲಿಗೇ ಮುಗೀತು. ಈಗ ನಿಮ್ಮ ಮನೆಯವರಿಗೆ ಡಾಕ್ಟರ್ ಕುತ್ತಿಗೆ ಆಪರೇಶನ್ನೂ ಬೇಕು ಅಂದ್ರೆ ದುಡ್ಡಿಗೋಸ್ಕರ ಹೇಳ್ತಿದ್ದಾರೆ ಅಂದ್ಕೋಬೇಡಿ, ಆ 500 ಜನ ಕಲಿಸಿದ ಪಾಠ ಅದು.

ಇನ್ನೊಂದು ಸ್ತನ ಕ್ಯಾನ್ಸರ್‌ದು. ಆಪರೇಶನ್ ಶುರು ಮಾಡೋ ಸ್ವಲ್ಪ ಮುಂಚೆ ಗಡ್ಡೆಯ ಸುತ್ತ ಲಿಡೋಕೇನ್ ಚುಚ್ಚೋದು. ಹಲ್ಲು ಕೀಳುವಾಗ ಮರಗಟ್ಟೋಕೆ ಕೊಡ್ತಾರಲ್ಲ, ಅದೇ ಅಗ್ಗದ ಇಂಜೆಕ್ಷನ್. ಡಾಕ್ಟರ್ ರಾಜೇಂದ್ರ ಬಡ್ವೆ ಅವರ ನೇತೃತ್ವದಲ್ಲಿ ಭಾರತದ 11 ಕೇಂದ್ರಗಳಲ್ಲಿ 1,583 ಹೆಂಗಸರ ಮೇಲೆ ನೋಡಿದ್ರು. ಐದು ವರ್ಷದ ನಂತರ ಬದುಕಿರೋರು 86.4%ನಿಂದ 90.1%ಗೆ ಏರಿತ್ತು. ನಾಲ್ಕು ಪರ್ಸೆಂಟೂ ಇಲ್ಲವಲ್ಲ ಅನ್ಸಬಹುದು, ಆದ್ರೆ ಸಾವಿರ ಮನೆ ಅಂತ ಇಟ್ಕೊಂಡ್ರೆ ಮೂವತ್ತೇಳು ಮನೇಲಿ ತಾಯಿ ಉಳಿದಳು. ಪೇಟೆಂಟ್ ಇಲ್ಲದ ಹಳೇ ಔಷಧದ ಮೇಲೆ ಕಂಪನಿಗಳು ಇಷ್ಟು ದೊಡ್ಡ ಟ್ರಯಲ್ ಮಾಡೋದು ಅಪರೂಪ, ಅವರಿಗೆ ಅದರಲ್ಲಿ ಲಾಭ ಇಲ್ಲ. ಯುನಿವರ್ಸಿಟಿ ಥರದ ಸಂಸ್ಥೆ ಬೇಕಾಗೋದು ಇಲ್ಲೇ.

ಹಾಗೇ ನಿವೋಲುಮ್ಯಾಬ್ ಅನ್ನೋ ದುಬಾರಿ ಇಮ್ಯುನೋಥೆರಪಿ ಔಷಧ ಇದೆ, ಅಂದ್ರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸೋ ಔಷಧ. ಮಾಮೂಲಿ ಡೋಸಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ, ಬರೀ 20 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ, ಬಾಯಿಂದ ತಗೊಳ್ಳೋ ಅಗ್ಗದ ಮಾತ್ರೆಗಳ ಜೊತೆ ಕೊಟ್ಟು ನೋಡಿದ್ರು. ತಲೆ ಕುತ್ತಿಗೆ ಕ್ಯಾನ್ಸರ್ ಮುಂದುವರೆದು ವಾಸಿ ಆಗೋ ಹಂತ ದಾಟಿದವರಲ್ಲಿ ಒಂದು ವರ್ಷ ಬದುಕಿದವರು 16.3%ನಿಂದ 43.4%ಗೆ ಹೋದ್ರು. ಪೂರ್ತಿ ಡೋಸ್ ಕೊಳ್ಳೋ ಶಕ್ತಿ ಇಲ್ಲದ ಮನೆಗಳಿಗೆ ಇದೊಂದು ದಾರಿ.

ಕಾರ್-ಟಿ ಅಂತ ಹೊಸದು ಬಂದಿದೆಯಂತೆ, ಐಐಟಿಯವರು ಮಾಡಿದ್ದಂತೆ?

ಹೌದು, ನೆಕ್ಸ್‌ಕಾರ್19. ಬಾಂಬೆ ಐಐಟಿಯ ಪ್ರೊಫೆಸರ್ ರಾಹುಲ್ ಪುರ್ವಾರ್ ಅವರ ಲ್ಯಾಬ್, ಟಾಟಾದ ಡಾಕ್ಟರ್‌ಗಳು, ಐಐಟಿಯೊಳಗೇ ಹುಟ್ಟಿದ ಇಮ್ಯುನೋಆಕ್ಟ್ ಕಂಪನಿ ಸೇರಿ ಮಾಡಿದ್ದು. ರೋಗಿಯ ರಕ್ತದಿಂದ ರೋಗದ ಜೊತೆ ಹೋರಾಡೋ ಟಿ ಕಣ ತೆಗೆದು, ಕ್ಯಾನ್ಸರ್ ಕಣವನ್ನ ಗುರುತು ಹಿಡಿಯೋ ಹಾಗೆ ಲ್ಯಾಬಲ್ಲಿ ಬದಲಾಯಿಸಿ, ಬೆಳೆಸಿ, ವಾಪಸ್ ಅದೇ ರೋಗಿಗೆ ಏರಿಸ್ತಾರೆ. 2021ರ ಜೂನ್‌ನಲ್ಲಿ ಮೊದಲ ರೋಗಿಗೆ ಕೊಟ್ರು, 2023ರ ಅಕ್ಟೋಬರ್‌ನಲ್ಲಿ ಪರ್ಮಿಷನ್ ಸಿಕ್ತು, 2024ರ ಏಪ್ರಿಲ್ 4ಕ್ಕೆ ರಾಷ್ಟ್ರಪತಿ ದ್ರೌಪದಿ ಮುರ್ಮು ಐಐಟಿಗೆ ಬಂದು ದೇಶಕ್ಕೆ ಅರ್ಪಿಸಿದ್ರು. ಎಲ್ಲಾ ಕ್ಯಾನ್ಸರ್‌ಗೂ ಅಲ್ಲ ಇದು, ಬಿ ಕಣ ಅನ್ನೋ ಇನ್ನೊಂದು ರಕ್ತಕಣದಲ್ಲಿ ಹುಟ್ಟೋ ಕೆಲವು ಕ್ಯಾನ್ಸರ್, ಅಂದ್ರೆ ಲುಕೇಮಿಯಾ, ಲಿಂಫೋಮಾ, ಬೇರೆ ಟ್ರೀಟ್ಮೆಂಟ್‌ಗೆ ಬಗ್ಗದೇ ಇದ್ದಾಗ ಮಾತ್ರ. ಟ್ರಯಲ್‌ನಲ್ಲಿ 64 ಜನ ಇದ್ರು, ಲೆಕ್ಕಕ್ಕೆ ಸಿಕ್ಕ 51 ಜನರಲ್ಲಿ 73% ಜನಕ್ಕೆ ಕೆಲಸ ಮಾಡ್ತು. ಅಮೆರಿಕದಲ್ಲಿ ಮೂರ್ನಾಲ್ಕು ಕೋಟಿ ಆಗೋದು ಇಲ್ಲಿ ಮೂವತ್ತು ನಲವತ್ತು ಲಕ್ಷದ ಆಸುಪಾಸು ಅಂತ ಸುದ್ದಿ ಬಂದಿತ್ತು. ಅದೂ ನಮ್ಮಂಥವರಿಗೆ ಭಾರೀ ದುಡ್ಡೇ, ಇನ್ನೂ ಇಳೀಬೇಕು.

ಎಲ್ಲಾ ಟ್ರೀಟ್ಮೆಂಟ್ ಸೋತ ಮೇಲೆ "ನನ್ನ ರಕ್ತ ತಗೊಂಡು ನೋಡಿ" ಅಂದ ಆ ಮೊದಲಿನ ಕೆಲವರ ಧೈರ್ಯವನ್ನ ನಾನು ಏನಂತ ಹೊಗಳಲಿ.

ಆಪರೇಶನ್ ಮಾಡಿ ತೆಗೆದ ಗಡ್ಡೆಯನ್ನ ರಿಸರ್ಚ್‌ಗೆ ಇಟ್ಕೋತೀವಿ ಅಂತ ಸೈನ್ ಕೇಳ್ತಾರೆ, ಕೊಡ್ಬೋದಾ?

ಕೊಡ್ಬೋದು, ಇಷ್ಟ ಇಲ್ಲಾಂದ್ರೆ ಬೇಡ ಅನ್ನಬಹುದು. ಹೇಗಿದ್ರೂ ತೆಗೆದ ಗಡ್ಡೆ ಅದು, ಪರೀಕ್ಷೆಗೆ ಬೇಕಾದಷ್ಟು ತಗೊಂಡು ಉಳಿದ ಚೂರನ್ನ ಹೆಸರು ತೆಗೆದು ನಂಬರ್ ಹಾಕಿ ಅತೀ ತಣ್ಣಗೆ ಇಡ್ತಾರೆ. ಜಗತ್ತಿನ ಕ್ಯಾನ್ಸರ್ ಜೀನ್ ಮಾಹಿತಿಯಲ್ಲಿ ಭಾರತೀಯರು ಬಹಳ ಕಮ್ಮಿ. ಮದ್ರಾಸ್ ಐಐಟಿ 2025ರ ಫೆಬ್ರವರಿಯಲ್ಲಿ ಭಾರತ್ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಅಂತ ಶುರು ಮಾಡಿ 480 ಸ್ತನ ಕ್ಯಾನ್ಸರ್ ರೋಗಿಗಳ ಮಾಹಿತಿ ಹಾಕಿದ್ದು ಈ ಕೊರತೆ ತುಂಬೋಕೇ. ಇದೇ ಮಾತಲ್ಲಿ ಇನ್ನೊಂದು: ಗಡ್ಡೆಯ ಚೂರು ತೆಗೆದು ನೋಡೋ ಬಯಾಪ್ಸಿಗೆ ಸೂಜಿ ಚುಚ್ಚಿದ್ರೆ ಕ್ಯಾನ್ಸರ್ ಹರಡುತ್ತೆ ಅನ್ನೋ ಭಯದಿಂದ ಟೆಸ್ಟ್ ಮುಂದೆ ಹಾಕೋರು ತುಂಬಾ ಜನ. ದಯವಿಟ್ಟು ಹಾಗೆ ಮಾಡಬೇಡಿ. ಬಯಾಪ್ಸಿ ಇಲ್ದೇ ಸರಿಯಾದ ಟ್ರೀಟ್ಮೆಂಟ್ ಶುರು ಮಾಡೋದೇ ಕಷ್ಟ, ಕಾಯೋದರಿಂದ ಆಗೋ ನಷ್ಟವೇ ದೊಡ್ಡದು.

ನಾನು ರೋಗಿ ಅಲ್ಲ, ಶ್ರೀಮಂತನೂ ಅಲ್ಲ. ನನ್ನಿಂದ ಏನಾಗುತ್ತೆ?

ಮೊದಲನೇದು ಪ್ಲೇಟ್‌ಲೆಟ್ ದಾನ, ಅಂದ್ರೆ ರಕ್ತ ಹೆಪ್ಪುಗಟ್ಟಿಸೋ ಕಣಗಳ ದಾನ. ಲುಕೇಮಿಯಾ ಮಕ್ಕಳಿಗೆ ಕೀಮೋ ಕೊಟ್ಟಾಗ ಪ್ಲೇಟ್‌ಲೆಟ್ ಕುಸಿಯುತ್ತೆ, ಒಸಡಿಂದ, ಮೂಗಿಂದ ರಕ್ತ ಬರೋಕೆ ಶುರುವಾಗುತ್ತೆ, ಅವಾಗ ಬೇರೆಯವರ ಪ್ಲೇಟ್‌ಲೆಟ್ ಬೇಕು. ಅದು ಐದೇ ದಿನ ಇಡೋಕಾಗೋದು, ಅದಕ್ಕೇ ಹಬ್ಬ, ಪರೀಕ್ಷೆ, ರಜೆ ಸಮಯದಲ್ಲಿ ಯಾವಾಗ್ಲೂ ಕೊರತೆ. ರಕ್ತದಾನಕ್ಕಿಂತ ಜಾಸ್ತಿ ಹೊತ್ತು ಕೂರಬೇಕು, ಒಂದೂವರೆ ಗಂಟೆ ಆಗಬಹುದು, ಮಷೀನ್ ಪ್ಲೇಟ್‌ಲೆಟ್ ಮಾತ್ರ ತಗೊಂಡು ಉಳಿದ ರಕ್ತ ನಿಮಗೇ ವಾಪಸ್ ಕೊಡುತ್ತೆ, ತುಟಿ ಸ್ವಲ್ಪ ಜುಮ್ಮಂದ್ರೆ ಸಿಸ್ಟರ್‌ಗೆ ಹೇಳಿ, ಕ್ಯಾಲ್ಸಿಯಂ ಮಾತ್ರೆ ಕೊಡ್ತಾರೆ. ಕಾರ್-ಟಿ ಆಗಲಿ, ಮಕ್ಕಳ ಕೀಮೋ ಟ್ರಯಲ್ ಆಗಲಿ, ಹಿಂದೆ ರಕ್ತ ಕೊಡೋರು ಇಲ್ಲಾಂದ್ರೆ ನಡೆಯೋದೇ ಇಲ್ಲ.

ಎರಡನೇದು ಇರೋ ಜಾಗ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದು ದಾದರ್‌ನಲ್ಲಿ ಇಳಿದ ಮನೆಮಂದಿಗೆ ಮೊದಲು ಬೇಕಾಗೋದು ತಲೆ ಮೇಲೊಂದು ಸೂರು. ದಾದರ್‌ನ ಗಾಡ್ಗೆ ಮಹಾರಾಜ್ ಧರ್ಮಶಾಲೆ, ಪರೇಲ್‌ನ ನಾನಾ ಪಾಲ್ಕರ್ ಸ್ಮೃತಿ ಸಮಿತಿ, ಮಕ್ಕಳಿಗಾದ್ರೆ 2006ರಲ್ಲಿ ಶುರುವಾದ ಸೇಂಟ್ ಜೂಡ್ ಚೈಲ್ಡ್‌ಕೇರ್ ಸೆಂಟರ್‌ಗಳು, ಇವೆಲ್ಲ ಜನರ ದಾನದಿಂದ ನಡೆಯೋದು. ಇದಕ್ಕೂ ಸಂಶೋಧನೆಗೂ ಏನು ಸಂಬಂಧ ಅಂತೀರಾ? ಫುಟ್‌ಪಾತ್ ಮೇಲೆ ಮಲಗೋ ಮನುಷ್ಯ ಎಷ್ಟು ದಿನ ಅಂತ ಫಾಲೋಅಪ್‌ಗೆ ಬರ್ತಾನೆ, ಅರ್ಧಕ್ಕೇ ಊರಿಗೆ ಹೋಗ್ತಾನೆ, ಅವನ ಟ್ರೀಟ್ಮೆಂಟೂ ಹೋಯ್ತು, ಟ್ರಯಲ್‌ನ ಲೆಕ್ಕವೂ ಹೋಯ್ತು. ಒಂದು ಹೊತ್ತಿನ ಊಟ ಕೊಡೋರೂ ಈ ಕೆಲಸದಲ್ಲಿ ಪಾಲುದಾರರೇ.

ಕನ್ನಡ, ಹಿಂದಿ, ಮರಾಠಿ ಮೂರೂ ಬರೋರು ತಿಂಗಳಿಗೊಂದು ದಿನ ಬಂದ್ರೂ ನಮಗೆ ದೊಡ್ಡ ಉಪಕಾರ.

ದುಡ್ಡು ಕೊಡೋದಾದ್ರೆ ಹೇಗೆ?

ಸಂಸ್ಥೆಯ ಅಧಿಕೃತ ಅಕೌಂಟ್‌ಗೇ ಹಾಕಿ, ರಸೀದಿ ತಗೊಳ್ಳಿ, ಟ್ರೀಟ್ಮೆಂಟಿಗಾ, ರಿಸರ್ಚಿಗಾ ಅಂತ ಬರೆದು ತಿಳಿಸಿ. ವಾಟ್ಸಾಪ್‌ನಲ್ಲಿ ಮಗುವಿನ ಫೋಟೋ ಜೊತೆ ಬರೋ ಯಾರದೋ ಪರ್ಸನಲ್ ನಂಬರ್‌ಗೆ ಆಸ್ಪತ್ರೆಯ ಸೋಶಿಯಲ್ ವರ್ಕರ್ ಹತ್ರ ವಿಚಾರಿಸದೇ ಕಳಿಸಬೇಡಿ.

ಇದೆಲ್ಲ ಮುಂಬೈ ಕಥೆ ಆಯ್ತು, ನಮ್ಮ ಕರ್ನಾಟಕದಲ್ಲಿ ಇಲ್ವಾ?

ಯಾಕಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಿಂದ ಇದೆ, 1982ರಲ್ಲಿ ದೇಶದ ಕ್ಯಾನ್ಸರ್ ರಿಜಿಸ್ಟ್ರಿ ಕಾರ್ಯಕ್ರಮ ಶುರುವಾದಾಗ ಬಾಂಬೆ, ಮದ್ರಾಸ್ ಜೊತೆ ಬೆಂಗಳೂರಿನ ಲೆಕ್ಕವೂ ಶುರುವಾಯ್ತು. ಇಡೀ ದೇಶದ ರಿಜಿಸ್ಟ್ರಿಗಳ ಲೆಕ್ಕ ಕೂಡಿಸೋ, ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಕೇಂದ್ರ ಇರೋದೂ ಬೆಂಗಳೂರಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಗೆ 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ಕೊಟ್ರು, ಮೆಡಿಕಲ್ ಸ್ಕೂಲು, 800 ಹಾಸಿಗೆಯ ಆಸ್ಪತ್ರೆ ಕಟ್ಟೋಕೆ. ಆದ್ರೆ ಉತ್ತರ ಕರ್ನಾಟಕದ ಹಳ್ಳಿಗಳ ಜೊತೆ ಬಾರ್ಶಿ ಥರ ದಶಕಗಟ್ಟಲೆ ಕೂತು ಮಾಡೋ ಕೆಲಸ ನಮ್ಮಲ್ಲಿ ಇನ್ನೂ ಬಹಳ ಬೆಳೀಬೇಕು, ನಮ್ಮ ಯುನಿವರ್ಸಿಟಿಗಳನ್ನ ನಾವೇ ಕೇಳ್ಬೇಕು.

ಒಂದು ಟ್ರಯಲ್ ನಿಜವೋ ಸುಳ್ಳೋ ಹೇಗೆ ಗೊತ್ತಾಗುತ್ತೆ?

ಸಿಟಿಆರ್‌ಐ ಅಂತ ಟ್ರಯಲ್‌ಗಳನ್ನ ದಾಖಲು ಮಾಡೋ ಸರ್ಕಾರಿ ರಿಜಿಸ್ಟ್ರಿ ಇದೆ, 2007ರಲ್ಲಿ ಶುರು, 2009ರ ಜೂನ್‌ನಿಂದ ಔಷಧದ ಟ್ರಯಲ್‌ಗಳು ಅಲ್ಲಿ ರಿಜಿಸ್ಟರ್ ಆಗೋದು ಕಡ್ಡಾಯ. ಫಾರ್ಮ್‌ನಲ್ಲಿರೋ ಸಿಟಿಆರ್‌ಐ ನಂಬರ್ ಕೇಳಿ, ಫ್ರೀಯಾಗಿ ಹುಡುಕಬಹುದು, ಯಾವ ಊರು, ಯಾವ ಡಾಕ್ಟರ್, ಎಷ್ಟು ಜನ ಅಂತ ಎಲ್ಲಾ ಇರುತ್ತೆ. ನಂಬರ್ ಕೇಳಿದ್ದಕ್ಕೆ ಯಾರಾದ್ರೂ ಸಿಡುಕಿದ್ರೆ ಎದ್ದು ಬನ್ನಿ. ಟ್ರಯಲ್‌ಗೆ ಸೇರಿಸೋಕೆ ನಿಮ್ಮ ಹತ್ರಾನೇ ಫೀಸು ಕೇಳಿದ್ರೂ ಅಷ್ಟೇ, ಮೊದಲು ಎಥಿಕ್ಸ್ ಕಮಿಟಿಗೆ ಫೋನ್ ಮಾಡಿ, ಅದರ ನಂಬರ್ ಫಾರ್ಮ್‌ನಲ್ಲೇ ಇರ್ಬೇಕು.

ಟ್ರಯಲ್ ಮುಗಿದ ಮೇಲೆ ರಿಸಲ್ಟ್ ನಮಗೆ ಹೇಳ್ತಾರಾ?

ಎಲ್ಲಾ ಕಡೆ ತಾವಾಗೇ ಹೇಳಲ್ಲ, ಇದೇ ನನಗೆ ಇನ್ನೂ ಬೇಜಾರಿರೋ ವಿಷಯ. ಪೇಪರ್ ಇಂಗ್ಲಿಷ್‌ನಲ್ಲಿ ಬರುತ್ತೆ, ಸ್ಯಾಂಪಲ್ ಕೊಟ್ಟ ಹೆಣ್ಣುಮಗಳಿಗೆ ಗೊತ್ತೇ ಆಗಲ್ಲ. ಸೈನ್ ಹಾಕೋ ದಿನವೇ "ಮುಗಿದ ಮೇಲೆ ಏನಾಯ್ತು ಅಂತ ನನಗೆ ತಿಳಿಸ್ತೀರಾ" ಅಂತ ಕೇಳಿ, ಕೋಆರ್ಡಿನೇಟರ್ ಹೆಸರು, ನಿಮ್ಮ ಸ್ಟಡಿ ನಂಬರ್ ಒಂದು ಡೈರಿಯಲ್ಲಿ ಬರೆದಿಟ್ಕೊಳ್ಳಿ, ನಿಮ್ಮ ಫೋನ್ ನಂಬರ್ ಬದಲಾದ್ರೆ ಅವರಿಗೆ ತಿಳಿಸಿ. ಒಂದೆರಡು ವರ್ಷ ಆದ ಮೇಲೆ ಫಾಲೋಅಪ್‌ಗೆ ಹೋದಾಗ ಮತ್ತೆ ಕೇಳಿ. ಇಂಗ್ಲಿಷ್ ಪೇಪರ್ ಕೈಗೆ ಕೊಟ್ರೆ ತಗೊಂಡು ಬನ್ನಿ, ನಾನೋ ನನ್ನಂಥ ಇನ್ನೊಬ್ಬರೋ ಕೂತು ಕನ್ನಡದಲ್ಲಿ ಓದಿ ಹೇಳ್ತೀವಿ.